ಕಂಪ್ಯೂಟರ್ ಸೈನ್ಸ್ ಓದಲು ಬಂದವರಿಗೆ ಭಾಷಣ, ಇತಿಹಾಸ, ಜೀವಶಾಸ್ತ್ರ ಏಕೆ? ಎಲ್ಲವನ್ನೂ ಮುಗಿಸಲೇಬೇಕೇ?

ಹಾಸನದಲ್ಲಿ ಪಿಯುಸಿ ಮುಗಿಸಿ ಕ್ಯಾಲಿಫೋರ್ನಿಯಾದ ಸಮುದಾಯ ಕಾಲೇಜಿಗೆ, ಅಂದರೆ ಎರಡು ವರ್ಷ ಓದಿ ವಿಶ್ವವಿದ್ಯಾಲಯಕ್ಕೆ ದಾಟಬಹುದಾದ ಕಮ್ಯುನಿಟಿ ಕಾಲೇಜಿಗೆ, ಸೇರಿದ್ದೀರಿ. ಕಂಪ್ಯೂಟರ್ ಸೈನ್ಸ್ ಬೇಕೆಂದು ಹೋದರೆ ಕೌನ್ಸೆಲರ್ ‘ಕ್ಯಾಲ್-ಗೆಟ್‌ಸಿ’ ಎಂಬ 11 ಕೋರ್ಸುಗಳ ಪಟ್ಟಿಯನ್ನು ಕೈಗಿತ್ತಿದ್ದಾರೆ. ಇದು ದುಡ್ಡು ಕೀಳುವ ಉಪಾಯವೇ, ಇದಿಲ್ಲದೆ ಪದವಿ ಸಿಗುವುದಿಲ್ಲವೇ ಎಂದು ಕೇಳಿದ್ದೀರಿ. 2016ರಲ್ಲಿ ತಿಪಟೂರಿನಿಂದ ಬಂದು ಇಂಥದೇ ಒಂದು ಕಾಲೇಜಿನ ಮೆಟ್ಟಿಲ ಮೇಲೆ ಕುಳಿತು ನಾನೂ ಇದನ್ನೇ ಕೇಳಿಕೊಂಡಿದ್ದೆ. ಎರಡು ವರ್ಷದಲ್ಲಿ ಮುಗಿಯಬೇಕಾದ ಓದಿಗೆ ಮೂರು ವರ್ಷ ಹಿಡಿಯಿತು. ತಪ್ಪು ನನ್ನದೇ. ಅದೇ ತಪ್ಪನ್ನು ನೀವು ಮಾಡಬಾರದೆಂದು ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ ಸಮುದಾಯ ಕಾಲೇಜಿನಲ್ಲಿ ಒಂದು ಯೂನಿಟ್‌ಗೆ (ನಮ್ಮ ‘ಕ್ರೆಡಿಟ್’ ಇದ್ದಂತೆ) 46 ಡಾಲರ್. ಮೂರು ಯೂನಿಟ್‌ನ ಇತಿಹಾಸದ ಕೋರ್ಸಿಗೆ 138 ಡಾಲರ್ ಆಯಿತು. ಇದೇ ಕೋರ್ಸನ್ನು ನಾಲ್ಕು ವರ್ಷದ ವಿಶ್ವವಿದ್ಯಾಲಯದಲ್ಲಿ ಓದಿದರೆ ಎಷ್ಟೋ ಪಟ್ಟು ಹೆಚ್ಚು ಕೊಡಬೇಕು, ಮತ್ತು ಅಲ್ಲಿಯೂ ಇದರಿಂದ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಹೊರರಾಜ್ಯದವರಿಗೆ, ವಿದ್ಯಾರ್ಥಿ ವೀಸಾದವರಿಗೆ ದರ ಬೇರೆ, ಬಹಳ ಹೆಚ್ಚು. ನೀವು ಯಾವ ಗುಂಪಿನಲ್ಲಿದ್ದೀರಿ ಎಂಬುದನ್ನು ಪ್ರವೇಶ ಕಚೇರಿಯಲ್ಲಿ ಮೊದಲ ವಾರವೇ ಖಚಿತಪಡಿಸಿಕೊಳ್ಳಿ.

ನಮಗೆ ಗೊಂದಲವಾಗುವುದಕ್ಕೆ ಕಾರಣವಿದೆ. ನಮ್ಮಲ್ಲಿ ಡಿಗ್ರಿ ಎಂದರೆ ಮದುವೆ ಮನೆಯ ಪಂಕ್ತಿ ಊಟ. ಎಲೆಯ ಮುಂದೆ ಕುಳಿತರೆ ಸಾಕು, ಉಪ್ಪಿನಿಂದ ಮಜ್ಜಿಗೆಯವರೆಗೆ ಯಾವುದು ಯಾವಾಗ ಬರಬೇಕೋ ಬಡಿಸುವವರಿಗೆ ಗೊತ್ತಿರುತ್ತದೆ. ಮೂರನೇ ಸೆಮಿಸ್ಟರ್‌ನಲ್ಲಿ ಏನು ಓದಬೇಕೆಂದು ವಿಶ್ವವಿದ್ಯಾಲಯ ಹೇಳುತ್ತದೆ, ನಾವು ಓದುತ್ತೇವೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಜೊತೆ ಕರ್ನಾಟಕದ ಪದವಿ ಕಾಲೇಜುಗಳಿಗೆ ‘ಓಪನ್ ಎಲೆಕ್ಟಿವ್’ ಬಂದಾಗ ಊರಿನಲ್ಲಿದ್ದ ನನ್ನ ಚಿಕ್ಕಪ್ಪನ ಮಗ ಫೋನ್ ಮಾಡಿ, ‘ಬಿಕಾಂನವನು ಬೇರೆ ವಿಭಾಗದ ವಿಷಯ ಏಕೆ ಓದಬೇಕಕ್ಕಾ’ ಎಂದು ಗೊಣಗಿದ್ದ. 2024-25ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಇಲ್ಲಿ ಮಾತ್ರ ಬಡಿಸುವವರಿಲ್ಲ. ತಟ್ಟೆ ನಿಮ್ಮ ಕೈಯಲ್ಲಿ, ಎಲ್ಲವನ್ನೂ ಹಾಕಿಕೊಂಡಿರಾ ಎಂದು ಕೊನೆಯ ಬಾಗಿಲಿನಲ್ಲಿ ತಪಾಸಣೆ.

ಆ ತಪಾಸಣೆಯಲ್ಲಿ ಒಂದಲ್ಲ, ಹಲವು ಪಟ್ಟಿಗಳಿರುತ್ತವೆ. ಇದನ್ನು ತಿಳಿದುಕೊಂಡರೆ ಅರ್ಧ ಗೆದ್ದ ಹಾಗೆ. ನಿಮ್ಮ ಈಗಿನ ಕಾಲೇಜು ಕೊಡುವ ಎರಡು ವರ್ಷದ ಅಸೋಸಿಯೇಟ್ ಪದವಿಗೆ ಒಂದು ಪಟ್ಟಿ: ಒಟ್ಟು 60 ಯೂನಿಟ್, ಅದರಲ್ಲಿ ಮೇಜರ್, ಅಂದರೆ ಮುಖ್ಯ ವಿಷಯದ್ದು ಕನಿಷ್ಠ 18, ಅದೇ ಕಾಲೇಜಿನಲ್ಲಿ ಓದಿದ್ದು ಕನಿಷ್ಠ 12, ಗ್ರೇಡುಗಳ ಸರಾಸರಿ 4ಕ್ಕೆ 2.0. ಮುಂದೆ ನಾಲ್ಕು ವರ್ಷದ ವಿಶ್ವವಿದ್ಯಾಲಯಕ್ಕೆ ದಾಟಲು ಬೇಕಾದ ಸಾಮಾನ್ಯ ಶಿಕ್ಷಣದ, ಅಂದರೆ ಮೇಜರ್ ಯಾವುದೇ ಇದ್ದರೂ ಎಲ್ಲರೂ ಓದಬೇಕಾದ ವಿಷಯಗಳ, ಪಟ್ಟಿ ಇನ್ನೊಂದು. ಅದೇ ಕ್ಯಾಲ್-ಗೆಟ್‌ಸಿ. ದಾಟುವ ಮೊದಲು ಮುಗಿಸಿರಬೇಕಾದ ಗಣಿತ, ಭೌತಶಾಸ್ತ್ರ, ಪ್ರೋಗ್ರಾಮಿಂಗ್‌ನ ಪಟ್ಟಿ ಮೂರನೆಯದು, ಇದು ಕ್ಯಾಂಪಸ್‌ನಿಂದ ಕ್ಯಾಂಪಸ್‌ಗೆ ಬದಲಾಗುತ್ತದೆ. ಆಮೇಲೆ ಬಿಎಸ್ ಪದವಿಯದೇ ದೊಡ್ಡ ಪಟ್ಟಿ, ಸಾಮಾನ್ಯವಾಗಿ 120 ಯೂನಿಟ್. ಇವನ್ನೆಲ್ಲ ಒಂದರ ಕೆಳಗೊಂದು ಬರೆದು ಕೂಡಿದರೆ ಎದೆ ಒಡೆಯುತ್ತದೆ. ಒಂದರ ಮೇಲೊಂದು ಇಟ್ಟು ನೋಡಬೇಕು, ಏಕೆಂದರೆ ಒಂದೇ ಕೋರ್ಸ್ ಎರಡು ಮೂರು ಪಟ್ಟಿಗಳಲ್ಲಿ ಲೆಕ್ಕಕ್ಕೆ ಬರುತ್ತದೆ.

ನಿಮ್ಮದನ್ನೇ ತೆಗೆದುಕೊಳ್ಳಿ. ಕ್ಯಾಲ್-ಗೆಟ್‌ಸಿಯಲ್ಲಿ ಇರುವುದು 34 ಯೂನಿಟ್: ಇಂಗ್ಲಿಷ್ ಬರವಣಿಗೆ, ವಿಮರ್ಶಾತ್ಮಕ ಚಿಂತನೆಯ ಬರವಣಿಗೆ, ಮೌಖಿಕ ಸಂವಹನ (ಭಾಷಣ) ಎಂದು ಮೂರು, ಗಣಿತ ಒಂದು, ಕಲೆ ಮತ್ತು ಮಾನವಿಕ ಎರಡು, ಸಮಾಜ ವಿಜ್ಞಾನ ಎರಡು, ಅವೂ ಬೇರೆ ಬೇರೆ ಶಾಖೆಗಳವು, ವಿಜ್ಞಾನ ಎರಡು (ಭೌತವಿಜ್ಞಾನದ ಚೌಕ 5ಎ, ಜೀವವಿಜ್ಞಾನದ್ದು 5ಬಿ), ಜೊತೆಗೊಂದು ಪ್ರಯೋಗಾಲಯ (5ಸಿ), ಎಥ್ನಿಕ್ ಸ್ಟಡೀಸ್, ಅಂದರೆ ಕರಿಯರು, ಏಷ್ಯಾದವರು ಮುಂತಾದ ಸಮುದಾಯಗಳ ಅಧ್ಯಯನ, ಒಂದು. ಮೇಜರ್‌ಗಾಗಿ ನೀವು ಓದಲೇಬೇಕಾದ ಕ್ಯಾಲ್ಕ್ಯುಲಸ್ ಇಲ್ಲಿನ ಗಣಿತದ ಚೌಕವನ್ನು ತುಂಬುತ್ತದೆ. ಲ್ಯಾಬ್ ಇರುವ ಭೌತಶಾಸ್ತ್ರದ ಕೋರ್ಸ್ 5ಎ ಮತ್ತು 5ಸಿ ಎರಡನ್ನೂ ತುಂಬುತ್ತದೆ. ಸ್ವಾಮಿಕಾರ್ಯವೂ ಆಯಿತು, ಸ್ವಕಾರ್ಯವೂ ಆಯಿತು. ಉಳಿಯುವುದು ಒಂಬತ್ತು. ಅದರಲ್ಲಿ 5ಬಿ ಜೀವವಿಜ್ಞಾನ. ಪಿಯುಸಿಯಲ್ಲಿ ಪಿಸಿಎಂಸಿ ತೆಗೆದುಕೊಂಡು ಕಪ್ಪೆ, ಜಿರಳೆಗಳಿಂದ ಪಾರಾದೆವೆಂದುಕೊಂಡವರನ್ನು ಅದು ಇಲ್ಲಿ ಹಿಡಿಯುತ್ತದೆ. ನಾನು ಸಸ್ಯಶಾಸ್ತ್ರ ಆರಿಸಿಕೊಂಡೆ. ತೆಂಗಿನ ತೋಟದ ಮಗಳಿಗೆ ಸುಲಭವಾಗಬಹುದೆಂಬ ಲೆಕ್ಕ. ಸುಲಭವೇನೂ ಆಗಲಿಲ್ಲ.

ಇನ್ನೂ ಒಂದು ಹೊಂದಾಣಿಕೆ ಇದೆ, ಇದನ್ನು ಬಹಳ ಜನ ತಪ್ಪಿಸಿಕೊಳ್ಳುತ್ತಾರೆ. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯಲ್ಲಿ, ಅಂದರೆ ಸಿಎಸ್‌ಯುನಲ್ಲಿ, ಪದವಿ ಪಡೆಯಲು ಅಮೆರಿಕದ ಇತಿಹಾಸ ಮತ್ತು ಸಂವಿಧಾನದ ಓದು ಕಡ್ಡಾಯ. ಇಲ್ಲಿ ಹುಟ್ಟಿ ಬೆಳೆದವರಿಗೂ ಇದರಿಂದ ವಿನಾಯಿತಿ ಇಲ್ಲ. ಇದು ಕ್ಯಾಲ್-ಗೆಟ್‌ಸಿಯಲ್ಲಿ ಪ್ರತ್ಯೇಕ ವಿಭಾಗವಾಗಿ ಇಲ್ಲ, ಆದ್ದರಿಂದ ಕಣ್ಣಿಗೆ ಬೀಳುವುದಿಲ್ಲ. ನಾನು ಮಾನವಿಕ ಮತ್ತು ಸಮಾಜ ವಿಜ್ಞಾನದ ಚೌಕಗಳಿಗೆ ಮನಸ್ಸಿಗೆ ಬಂದದ್ದನ್ನು ಓದಿ ಸಿಎಸ್‌ಯುಗೆ ಹೋದೆ, ಅಲ್ಲಿ ಮತ್ತೆ ಎರಡು ಕೋರ್ಸ್ ತೆರಬೇಕಾಯಿತು. ಅಮೆರಿಕದ ಇತಿಹಾಸ, ಅಮೆರಿಕದ ಸರ್ಕಾರ ಎಂಬ ಕೋರ್ಸುಗಳನ್ನೇ ಆ ಚೌಕಗಳಿಗೆ ಹಾಕಿದ್ದರೆ ಎರಡೂ ಒಟ್ಟಿಗೆ ಮುಗಿಯುತ್ತಿದ್ದವು.

ಈಗ ನನ್ನ ದೊಡ್ಡ ತಪ್ಪು. ನಮ್ಮ ಕಾಲದಲ್ಲಿ ಸಿಎಸ್‌ಯುಗೆ ಒಂದು ಸಾಮಾನ್ಯ ಶಿಕ್ಷಣದ ಪಟ್ಟಿಯಿತ್ತು. ‘ಐಗೆಟ್‌ಸಿ’ ಎಂಬ ಇನ್ನೊಂದು, ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ, ಅಂದರೆ ಯುಸಿಗೆ ಹೋಗುವವರು ಸಾಮಾನ್ಯವಾಗಿ ಅನುಸರಿಸುತ್ತಿದ್ದದ್ದು. ಎರಡರಲ್ಲೂ ‘ವಿಮರ್ಶಾತ್ಮಕ ಚಿಂತನೆ’ ಎಂಬ ಚೌಕ. ನಾನು ತತ್ವಶಾಸ್ತ್ರ ವಿಭಾಗದ ತರ್ಕಶಾಸ್ತ್ರ ಓದಿದೆ, ಒಳ್ಳೆಯ ಅಂಕವೂ ಬಂತು. ಯುಸಿಗೆ ಅರ್ಜಿ ಹಾಕಿ, ಮಾರ್ಚ್ ತಿಂಗಳಲ್ಲಿ ಕೌನ್ಸೆಲರ್ ಎದುರು ಕುಳಿತಾಗ ಅವರು ಪಟ್ಟಿಯ ಮೇಲೆ ಪೆನ್ಸಿಲ್ ಆಡಿಸುತ್ತಾ ಹೇಳಿದರು: ತರ್ಕಶಾಸ್ತ್ರ ಸಿಎಸ್‌ಯು ಪಟ್ಟಿಗೆ ಸಲ್ಲುತ್ತದೆ, ಐಗೆಟ್‌ಸಿಗೆ ಸಲ್ಲುವುದಿಲ್ಲ, ಅಲ್ಲಿ ಆ ಚೌಕಕ್ಕೆ ಇಂಗ್ಲಿಷ್ ಬರವಣಿಗೆಯೂ ಸೇರಿದ ಕೋರ್ಸೇ ಬೇಕು. ಸೆಮಿಸ್ಟರ್ ಆಗಲೇ ಅರ್ಧ ದಾಟಿತ್ತು. ಒಂದು ಸಾಲಿನ ಅಡಿಟಿಪ್ಪಣಿ ಓದದೆ ಇದ್ದದ್ದಕ್ಕೆ ಒಂದು ವರ್ಷ ಹೋಯಿತು, ಕೊನೆಗೆ ಹೋದದ್ದೂ ಸಿಎಸ್‌ಯುಗೇ.

ಅದೇ ಐಗೆಟ್‌ಸಿಯಲ್ಲಿ ನನಗೆ ಪುಕ್ಕಟೆಯಾಗಿ ಸಿಕ್ಕ ಒಂದು ಚೌಕವೂ ಇತ್ತು. ಯುಸಿಗೆ ಹೋಗುವವರು ಇಂಗ್ಲಿಷ್ ಅಲ್ಲದ ಇನ್ನೊಂದು ಭಾಷೆಯ ಪರಿಣತಿ ತೋರಿಸಬೇಕಿತ್ತು. ಇಂಗ್ಲಿಷ್ ಅಲ್ಲದ ಮಾಧ್ಯಮದ ಶಾಲೆಯಲ್ಲಿ ಆರನೇ ತರಗತಿ ಅಥವಾ ಅದರ ಮೇಲೆ ಎರಡು ವರ್ಷ ಓದಿದ್ದರೆ ಸಾಕು. ನಾನು ಹತ್ತನೆಯವರೆಗೆ ಕನ್ನಡ ಮಾಧ್ಯಮದವಳು. ‘ಕನ್ನಡ ಮೀಡಿಯಂ ಹುಡುಗಿ ಅಮೆರಿಕದಲ್ಲಿ ಏನು ಮಾಡುತ್ತಾಳೆ’ ಎಂದು ಅತ್ತೆ ಕೇಳಿದ್ದರು. ಎಸ್ಸೆಸ್ಸೆಲ್ಸಿ ದಾಖಲೆ ತೋರಿಸಿದೆ, ಚೌಕ ತುಂಬಿತು. ಉಳಿದವರು ಸ್ಪ್ಯಾನಿಷ್ ಕಲಿಯುತ್ತಾ ಬೆವರುತ್ತಿದ್ದರು. ಯುಸಿಗೆ ಹೋಗದ್ದರಿಂದ ಅದು ನನಗೆ ಕೊನೆಗೂ ಉಪಯೋಗಕ್ಕೆ ಬರಲಿಲ್ಲ, ಆದರೆ ಆ ದಿನ ಅತ್ತೆಗೆ ಫೋನ್ ಮಾಡಿದ್ದಂತೂ ನಿಜ.

ನನ್ನಂಥವರ ಗೋಜಲು ತಪ್ಪಿಸಲೆಂದೇ 2021ರಲ್ಲಿ ಇಲ್ಲಿನ ಶಾಸನಸಭೆ ಎಬಿ 928 ಎಂಬ ಕಾಯ್ದೆ ತಂದಿತು. ಅದರಂತೆ 2025ರ ಶರತ್ಕಾಲದಿಂದ ಸಿಎಸ್‌ಯು, ಯುಸಿ ಎರಡಕ್ಕೂ ಒಂದೇ ಪಟ್ಟಿ. ನಿಮ್ಮ ಕೌನ್ಸೆಲರ್ ಕೊಟ್ಟದ್ದು ಅದೇ. ಭಾಷೆಯ ಚೌಕ ಅದರಲ್ಲಿಲ್ಲ. ನಮ್ಮ ಕಾಲದಲ್ಲಿ ಸಿಎಸ್‌ಯುಗೆ ಮಾತ್ರ ಬೇಕಿದ್ದ ಭಾಷಣದ ಕೋರ್ಸ್ ಈಗ ಎಲ್ಲರಿಗೂ ಬೇಕು.

ಹಾಗೆಂದು ಯುಸಿಯ ಎಂಜಿನಿಯರಿಂಗ್, ಕಂಪ್ಯೂಟರ್ ಸೈನ್ಸ್ ಕಡೆ ಕಣ್ಣಿದ್ದರೆ ಪೂರ್ತಿ ಕ್ಯಾಲ್-ಗೆಟ್‌ಸಿಗೆ ಆತುರ ಬೇಡ. ಅಲ್ಲಿನ ಹಲವು ವಿಭಾಗಗಳು ಮೊದಲು ನೋಡುವುದು ಗಣಿತ, ಭೌತಶಾಸ್ತ್ರ, ಪ್ರೋಗ್ರಾಮಿಂಗ್ ಮುಗಿದಿದೆಯೇ ಎಂದು. ಯಾವ ಕ್ಯಾಂಪಸ್ ನಿಮ್ಮ ಕಾಲೇಜಿನ ಯಾವ ಕೋರ್ಸನ್ನು ಒಪ್ಪುತ್ತದೆ ಎಂಬುದು ‘ಅಸಿಸ್ಟ್’ ಎಂಬ ಅಧಿಕೃತ ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತೆ ಇದೆ. ಬೆಣ್ಣೆಯನ್ನು ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ ಎನ್ನುವಂತೆ, ನಾನು ಅದನ್ನು ಬಿಟ್ಟು ವಾಟ್ಸಾಪ್ ಗುಂಪುಗಳಲ್ಲಿ ಸೀನಿಯರ್‌ಗಳನ್ನು ಕೇಳುತ್ತಾ ತಿರುಗಿದೆ. ಸೀನಿಯರ್‌ಗಳು ಹೇಳುವುದು ಅವರು ಸೇರಿದ ವರ್ಷದ ನಿಯಮ. ನಿಮಗೆ ಅನ್ವಯಿಸುವುದು ನೀವು ಸೇರಿದ ವರ್ಷದ ಕ್ಯಾಟಲಾಗ್, ಅಂದರೆ ಕಾಲೇಜಿನ ನಿಯಮಗಳ ಪುಸ್ತಕ. ಆ ಪುಟವನ್ನು ಇಂದೇ ಇಳಿಸಿಟ್ಟುಕೊಳ್ಳಿ.

‘ಏಕೆ’ ಎಂಬ ಪ್ರಶ್ನೆಗೆ ಬರುತ್ತೇನೆ. ಒಂದೇ ವಿಷಯದಲ್ಲಿ ಪರಿಣತರಾದವರಿಗೂ ಎಲ್ಲರ ಜೊತೆ ಹಂಚಿಕೊಳ್ಳುವ ಒಂದಿಷ್ಟು ಓದು ಬೇಕೆಂಬ ವಾದ ಇಲ್ಲಿ ಹಳೆಯದು. ಮೊದಲ ಮಹಾಯುದ್ಧದ ಬೆನ್ನಿಗೆ, 1919ರಲ್ಲಿ, ಕೊಲಂಬಿಯಾ ಕಾಲೇಜು ಇಂಥದೊಂದು ಕಡ್ಡಾಯ ಕೋರ್ಸ್ ಶುರುಮಾಡಿತು. 1945ರಲ್ಲಿ ಹಾರ್ವರ್ಡ್‌ನ ಸಮಿತಿಯೊಂದು ಸಾಮಾನ್ಯ ಶಿಕ್ಷಣದ ಬಗ್ಗೆ ವರದಿಯನ್ನೇ ಕೊಟ್ಟಿತು. ಎಥ್ನಿಕ್ ಸ್ಟಡೀಸ್ ಕಥೆ ಬೇರೆ, ಅದು ಯಾವ ಸಮಿತಿಯ ಕೊಡುಗೆಯೂ ಅಲ್ಲ. 1968ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್‌ನ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಕರಿಯರ, ಏಷ್ಯಾದವರ, ಲ್ಯಾಟಿನೊಗಳ, ಮೂಲನಿವಾಸಿಗಳ ಚರಿತ್ರೆ ಪಾಠದಲ್ಲಿ ಎಲ್ಲಿದೆ ಎಂಬುದು ಅವರ ಪ್ರಶ್ನೆ. ಮುಷ್ಕರ 1969ರ ಮಾರ್ಚ್‌ವರೆಗೆ ನಡೆಯಿತು, ಆ ವಿಷಯಕ್ಕೆಂದೇ ಅಲ್ಲಿ ಒಂದು ಪ್ರತ್ಯೇಕ ವಿಭಾಗ ಹುಟ್ಟಿತು. 2020ರ ಕಾಯ್ದೆ ಅದನ್ನು ಸಿಎಸ್‌ಯು ಪದವಿಗೆ ಕಡ್ಡಾಯ ಮಾಡಿತು.

ನನ್ನ ಕಾಲಕ್ಕೆ ಅದು ಕಡ್ಡಾಯವಿರಲಿಲ್ಲ. ಸಮಯಕ್ಕೆ ಹೊಂದುತ್ತಿತ್ತು ಎಂಬ ಒಂದೇ ಕಾರಣಕ್ಕೆ ಏಷ್ಯನ್ ಅಮೆರಿಕನ್ನರ ಚರಿತ್ರೆಯ ಕೋರ್ಸಿಗೆ ಹೆಸರು ಹಚ್ಚಿದೆ. ಅಮೆರಿಕದ ಸೇನೆಯಲ್ಲಿ ದುಡಿದಿದ್ದ ಭಗತ್ ಸಿಂಗ್ ಥಿಂದ್ ಎಂಬ ಪಂಜಾಬಿಗೆ ಪೌರತ್ವವಿಲ್ಲವೆಂದು 1923ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು, ಕಾರಣ ಆತ ‘ಬಿಳಿಯ’ನಲ್ಲ ಎಂಬುದು, ನನಗೆ ತಿಳಿದದ್ದು ಅಲ್ಲಿಯೇ. 1946ರ ಕಾನೂನು ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದಾಗಲೂ ಹೊಸದಾಗಿ ಬರುವವರಿಗೆ ಇದ್ದ ಮಿತಿ ವರ್ಷಕ್ಕೆ 100 ಜನ. ಹತ್ತು ವರ್ಷದ ಬಳಿಕ, 1956ರಲ್ಲಿ, ಇದೇ ಕ್ಯಾಲಿಫೋರ್ನಿಯಾ ದಲೀಪ್ ಸಿಂಗ್ ಸೌಂದ್ ಅವರನ್ನು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಆರಿಸಿ ಕಳಿಸಿತು. ಅಪ್ಪನ ವೀಸಾ ಕಾಗದಗಳನ್ನು ಅಲ್ಲಿಯವರೆಗೆ ಬರೀ ಕಾಗದವೆಂದುಕೊಂಡಿದ್ದೆ. ಆ ಸೆಮಿಸ್ಟರ್‌ನಲ್ಲಿ ಪ್ರೋಗ್ರಾಮಿಂಗ್‌ನಲ್ಲಿ ಏನು ಕಲಿತೆನೆಂದು ಕೇಳಿದರೆ ಈಗ ಹೇಳಲಾರೆ.

ಭಾಷಣದ ಕೋರ್ಸಿಗೆ ಹೆದರಬೇಡಿ. ಏನಾದರೊಂದನ್ನು ಮಾಡಿ ತೋರಿಸುತ್ತಾ ಮಾತನಾಡಬೇಕೆಂದಾಗ ನಾನು ಉಂಡೆ ಕೊಬ್ಬರಿಯ ಬಗ್ಗೆ ಹೇಳಿದೆ: ಬಲಿತ ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡುವುದು, ಒಳಗಿನ ನೀರು ಬತ್ತಿ ಅಲ್ಲಾಡಿಸಿದರೆ ಗಡಗಡ ಎನ್ನುವುದು. ಉಚ್ಚಾರಣೆಯ ಬಗ್ಗೆ ಯಾರೂ ಏನೂ ಕೇಳಲಿಲ್ಲ. ‘ವರ್ಷವಿಡೀ ಅಟ್ಟದ ಮೇಲಿಟ್ಟರೂ ಇಲಿ ತಿನ್ನುವುದಿಲ್ಲವೇ’ ಎಂದು ಮಾತ್ರ ಕೇಳಿದರು.

ಇನ್ನು ಕೆಲವು ಚೂರುಪಾರು. ನಮ್ಮಲ್ಲಿ ಪಾಸಾದರೆ ಪಾಸು. ಇಲ್ಲಿ ಡಿ ಗ್ರೇಡಿಗೂ ಯೂನಿಟ್ ಸಿಗುತ್ತದೆ, ಆದರೆ ಕ್ಯಾಲ್-ಗೆಟ್‌ಸಿಯ ಚೌಕ ತುಂಬಲು ಪ್ರತಿ ಕೋರ್ಸಿನಲ್ಲೂ ಕನಿಷ್ಠ ಸಿ ಬೇಕು. ಡಿ ಆಂಜಾ, ಫುಟ್‌ಹಿಲ್‌ನಂಥ ಕಾಲೇಜುಗಳಲ್ಲಿ ಸೆಮಿಸ್ಟರ್ ಬದಲು ಇನ್ನೂ ಚಿಕ್ಕ ಅವಧಿಗಳ ಕ್ವಾರ್ಟರ್ ಪದ್ಧತಿ; ಅಲ್ಲಿ 60ರ ಜಾಗದಲ್ಲಿ 90 ಎಂದು ಕಂಡರೆ ಗಾಬರಿಯಾಗಬೇಡಿ, ಒಂದೂವರೆ ಪಟ್ಟಿನ ಲೆಕ್ಕ ಅಷ್ಟೆ. ಸಮುದಾಯ ಕಾಲೇಜಿನಿಂದ 70 ಯೂನಿಟ್‌ವರೆಗೆ ಮಾತ್ರ ಸಿಎಸ್‌ಯು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಆದ್ದರಿಂದ ಸುಮ್ಮನೆ ಗುಡ್ಡೆ ಹಾಕಬೇಡಿ. ಅಲ್ಲಿಗೆ ಹೋದ ಮೇಲೆ ಸಾಮಾನ್ಯ ಶಿಕ್ಷಣದ್ದೇ ಇನ್ನೂ 9 ಯೂನಿಟ್ ಮೇಲಿನ ಹಂತದ ಕೋರ್ಸುಗಳಿವೆ, ಅವನ್ನು ಈಗ ಮುಗಿಸಲು ಬರುವುದಿಲ್ಲ. ಎಫ್-1, ಅಂದರೆ ವಿದ್ಯಾರ್ಥಿ ವೀಸಾ ಆಗಿದ್ದರೆ ಪ್ರತಿ ಸೆಮಿಸ್ಟರ್‌ಗೆ 12 ಯೂನಿಟ್ ಇರಲೇಬೇಕು, ಆ ಲೆಕ್ಕಕ್ಕೆ ಆನ್‌ಲೈನ್ ಕೋರ್ಸ್ ಸಲ್ಲುವುದು ಒಂದೇ.

ಎಲ್ಲ ಚೌಕ ತುಂಬಿದರೂ ಪದವಿ ತಾನಾಗಿ ಮನೆಗೆ ಬರುತ್ತದೆಂದು ಕಾಯಬೇಡಿ. ಪದವಿಗೆಂದು ಅರ್ಜಿ ಹಾಕಬೇಕು, ಅದಕ್ಕೊಂದು ಕೊನೆಯ ದಿನವಿರುತ್ತದೆ. ಕ್ಯಾಲ್-ಗೆಟ್‌ಸಿ ಮುಗಿಸಿದ್ದೀರೆಂಬ ದೃಢೀಕರಣವನ್ನೂ ಕೇಳಿಯೇ ಅಂಕಪಟ್ಟಿಯ ಜೊತೆ ಕಳಿಸಬೇಕು. ನೀವಿರುವ ಕಾಲೇಜು ಮತ್ತು ಹೋಗಬೇಕೆಂದಿರುವ ಕ್ಯಾಂಪಸ್ ಯಾವುದೆಂದು ಕೆಳಗೆ ಬರೆದರೆ ಅಸಿಸ್ಟ್ ನೋಡಿ ಮೊದಲ ಎರಡು ಸೆಮಿಸ್ಟರ್‌ಗೆ ಏನೇನು ತೆಗೆದುಕೊಳ್ಳಬಹುದೆಂದು ಹೇಳುತ್ತೇನೆ. ಭಾಷಣದ ಕೋರ್ಸಿಗೆ ಮಾತ್ರ ನನ್ನ ಉತ್ತರಕ್ಕೂ ಕಾಯದೆ ಹೆಸರು ಹಚ್ಚಿ. ಈಗ ಅದು ಎಲ್ಲರಿಗೂ ಬೇಕಾದದ್ದು, ಸೀಟು ಬೇಗ ತುಂಬುತ್ತದೆ.