ಸೀನಿಗೆ ದುಡ್ಡು ಸುರಿಯೋದು ಎಲ್ಲಿ ನಿಲ್ಲಿಸಬಹುದು?

ಪ್ರಶ್ನೆ: ಸರ್, ನಾನು ಹಾಸನದಲ್ಲಿ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜ ಆರಿಸೋ ಕೆಲಸಕ್ಕೆ ಹೋಗ್ತೀನಿ. ಡಿಸೆಂಬರ್‌ನಿಂದ ಮಾರ್ಚ್ ತನಕ ಬೆಳಗ್ಗೆ ಎದ್ದ ತಕ್ಷಣ ಸೀನು, ಮೂಗಲ್ಲಿ ನೀರು, ಕಣ್ಣು ತುರಿಕೆ. ಮೆಡಿಕಲ್‌ನಲ್ಲಿ ಕೇಳಿದ್ರೆ ಒಂದು ನೆಗಡಿ ಮಾತ್ರೆ, ಒಂದು ಅಲರ್ಜಿ ಮಾತ್ರೆ, ಜೊತೆಗೆ ಮೂಗಿಗೆ ಡ್ರಾಪ್ಸ್ ಕೊಡ್ತಾರೆ, ಸಂಬಳದಲ್ಲಿ ಒಂದು ಪಾಲು ಇದಕ್ಕೇ ಹೋಗ್ತಿದೆ. ಜನೌಷಧಿ ಮಾತ್ರೆ ತಗೊಂಡ್ರೆ ಕೆಲಸ ಮಾಡತ್ತಾ? 3 ವರ್ಷದ ಮಗನಿಗೂ ಮನೇಲಿರೋ ನೆಗಡಿ ಸಿರಪ್ ಕೊಡಬಹುದಾ?

ಉತ್ತರ: ಮೊದಲು ಮಗನ ವಿಷಯ ಹೇಳಿಬಿಡ್ತೀನಿ, ಕೊಡಬೇಡಿ. ಆ ಸಿರಪ್‌ಗಳಲ್ಲಿ ಸಾಮಾನ್ಯವಾಗಿ ಇರೋದು ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್, ಈ ಜೋಡಿನ 4 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಕೊಡಬಾರದು ಅಂತ ಬಾಟಲಿ ಮೇಲೇ ಎಚ್ಚರಿಕೆ ಹಾಕ್ಬೇಕು ಅಂತ ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲೇ ಹೇಳಿದ್ದಾರೆ. ಮಗೂನ ಮಕ್ಕಳ ಡಾಕ್ಟರ್ ಹತ್ರ ತೋರಿಸಿ.

ಈಗ ನಿಮ್ಮ ದುಡ್ಡಿನ ಲೆಕ್ಕಕ್ಕೆ ಬರೋಣ. ಎಲ್ರೂ ಬ್ರ್ಯಾಂಡ್ ಬಿಟ್ಟು ಜನೌಷಧಿಗೆ ಹೋದ್ರೆ ಸಾಕು ಅಂದ್ಕೋತಾರೆ, ಆದ್ರೆ ನಿಮ್ಮ ವಿಷಯದಲ್ಲಿ ದುಡ್ಡು ಸೋರ್ತಿರೋದು ಅಲ್ಲಲ್ಲ. ಸಿಟ್ರಿಜಿನ್ 10 ಮಿಲಿಗ್ರಾಂ ಅನ್ನೋ ಅಲರ್ಜಿ ಮಾತ್ರೆ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, ಸರ್ಕಾರ ಅದಕ್ಕೆ ಬೆಲೆ ಮಿತಿ ಹಾಕಿರೋದ್ರಿಂದ ಒಳ್ಳೇ ಕಂಪನಿದೇ ತಗೊಂಡ್ರೂ 10 ಮಾತ್ರೆ ಸ್ಟ್ರಿಪ್‌ಗೆ ಸುಮಾರು 20 ರೂಪಾಯಿ, ದಿನಕ್ಕೆ 2 ರೂಪಾಯಿ ಅಷ್ಟೇ. ಜನೌಷಧಿಲಿ ಇನ್ನೂ ಕಡಿಮೆಗೆ ಸಿಗತ್ತೆ, ಔಷಧಿ ಅದೇ, ಕೆಲಸಾನೂ ಅದೇ ಮಾಡತ್ತೆ. ಹಂಗಾದ್ರೆ ಸಂಬಳ ತಿಂತಿರೋದು ಯಾವ್ದು? ಜೊತೇಲಿ ಕೊಡೋ ನೆಗಡಿ ಮಾತ್ರೆ ಮತ್ತು ಡ್ರಾಪ್ಸ್.

ನೆಗಡಿ ಮಾತ್ರೆ ಸ್ಟ್ರಿಪ್ ತಿರುಗಿಸಿ ಹಿಂದೆ ಇರೋ ಚಿಕ್ಕ ಅಕ್ಷರ ಓದಿ. ಪ್ಯಾರಾಸಿಟಮಾಲ್, ಫಿನೈಲೆಫ್ರಿನ್, ಕ್ಲೋರ್‌ಫೆನಿರಮಿನ್ ಅಂತ ಮೂರು ಹೆಸರು ಇರತ್ತೆ, ಕೆಲವದ್ರಲ್ಲಿ ಕೆಫೀನೂ ಇರತ್ತೆ. ಜ್ವರ ಇಲ್ಲದೇ ಇರೋವಾಗ ಪ್ಯಾರಾಸಿಟಮಾಲ್ ಯಾಕೆ? ಫಿನೈಲೆಫ್ರಿನ್ ಅನ್ನೋದು ಬಾಯಲ್ಲಿ ನುಂಗಿದ್ರೆ ಕಟ್ಟಿದ ಮೂಗು ಬಿಡಿಸಲ್ಲ ಅಂತ 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕರೆದ ತಜ್ಞರ ಸಮಿತಿ ಒಮ್ಮತದಿಂದ ಹೇಳಿತು, ಆದ್ರೂ ನಮ್ಮಲ್ಲಿ ಮಾರಾಟ ಆಗ್ತಾನೇ ಇದೆ. ಇನ್ನು ಉಳಿದ ಕ್ಲೋರ್‌ಫೆನಿರಮಿನ್ ಅಲರ್ಜಿ ಮಾತ್ರೆನೇ, ಅಂದ್ರೆ ಸಿಟ್ರಿಜಿನ್ ಜೊತೆ ಅದನ್ನ ನುಂಗೋದು ಅಂದ್ರೆ ಒಂದೇ ಜಾತಿ ಔಷಧಿ ಎರಡು ಸಲ ನುಂಗಿದಂಗೆ, ದುಡ್ಡೂ ಡಬಲ್, ಮಂಪರೂ ಡಬಲ್. ನೆಗಡಿ ಮಾತ್ರೆ ಬಿಟ್ಟುಬಿಡಿ.

ಡ್ರಾಪ್ಸ್ ಕಥೆ ಇನ್ನೂ ಕೆಟ್ಟದು. ಕ್ಸೈಲೋಮೆಟಜೋಲಿನ್ ಅಥವಾ ಆಕ್ಸಿಮೆಟಜೋಲಿನ್ ಇರೋ ಡ್ರಾಪ್ಸ್ ಹಾಕಿದ ಐದು ನಿಮಿಷಕ್ಕೆ ಮೂಗು ಬಿಡತ್ತೆ, ಅದಕ್ಕೇ ಜನಕ್ಕೆ ಇಷ್ಟ. ಆದ್ರೆ 5 ದಿನಕ್ಕಿಂತ ಹೆಚ್ಚು ಹಾಕಿದ್ರೆ ಔಷಧಿ ಇಳಿದ ತಕ್ಷಣ ಮೂಗಿನ ಒಳಪದರ ಮೊದಲಿಗಿಂತ ಜಾಸ್ತಿ ಊದ್ಕೊಳತ್ತೆ, ಆಗ ಇನ್ನೊಂದು ಬಾಟಲಿ, ಆಮೇಲೆ ಮತ್ತೊಂದು, ವರ್ಷಗಟ್ಟಲೆ ಜೇಬಲ್ಲೇ ಇಟ್ಕೊಂಡು ತಿರುಗೋರು ಇದ್ದಾರೆ. ನಿಮ್ಮದು ನಾಲ್ಕು ತಿಂಗಳ ತೊಂದರೆ, ಅದಕ್ಕೆ ಇದು ಔಷಧಿನೇ ಅಲ್ಲ.

ಮೂಗು ಕಟ್ಟೋದೇ ಮುಖ್ಯ ತೊಂದರೆ ಆದ್ರೆ, ಅಥವಾ ಸಿಟ್ರಿಜಿನ್‌ಗೆ ಸರಿ ಹೋಗ್ತಿಲ್ಲ ಅಂದ್ರೆ, ಒಂದು ಸಲ ಇಎನ್‌ಟಿ ಡಾಕ್ಟರ್‌ಗೆ ತೋರಿಸಿ, ಹಾಸನದ ಹಿಮ್ಸ್ ಸರ್ಕಾರಿ ಆಸ್ಪತ್ರೆ ಇದ್ದೇ ಇದೆ. ಅವರು ಫ್ಲುಟಿಕಾಸೋನ್ ಥರದ ಮೂಗಿನ ಸ್ಪ್ರೇ ಬರೆದುಕೊಡಬಹುದು, ನೋಡೋಕೆ ದುಬಾರಿ ಅನ್ಸತ್ತೆ, ಆದ್ರೆ ಒಂದು ಬಾಟಲಿ ಸುಮಾರು ಒಂದು ತಿಂಗಳು ಬರತ್ತೆ, ಡೋಸ್ ಕಡಿಮೆ ಆದ್ಮೇಲೆ ಎರಡು ತಿಂಗಳೂ ಬರಬಹುದು. ಬೆಲೆ ವ್ಯತ್ಯಾಸ ಇಂಥಲ್ಲಿ ನಿಜಕ್ಕೂ ಗೊತ್ತಾಗೋದು, ಅದಕ್ಕೆ ಚೀಟಿ ಹಿಡ್ಕೊಂಡು ಮೊದಲು ಜನೌಷಧಿ ಕೇಂದ್ರಕ್ಕೆ ಹೋಗಿ. ಜನೌಷಧಿ ಸುಗಮ್ ಅನ್ನೋ ಆ್ಯಪ್‌ನಲ್ಲಿ ಔಷಧಿ ಹೆಸರು ಹೊಡೆದ್ರೆ ಬೆಲೆ ಗೊತ್ತಾಗತ್ತೆ. ಸ್ಟಾಕ್ ಇಲ್ಲ ಅಂತಾನೂ ಅನ್ನಬಹುದು, ಅದು ಅಲ್ಲಿನ ಮಾಮೂಲಿ ಗೋಳು, ಆಗ ಬೇರೆ ಮೆಡಿಕಲ್‌ನಲ್ಲಿ ಕಂಪನಿ ಹೆಸರು ಹೇಳದೆ ಒಳಗಿರೋ ಔಷಧಿ ಹೆಸರು ಹೇಳಿ ಕಡಿಮೆ ಎಂಆರ್‌ಪಿದು ಕೊಡಿ ಅಂತ ಕೇಳಿ. ಸ್ಪ್ರೇ ಹೊಡೆಯೋವಾಗ ತುದಿ ಮೂಗಿನ ನಡುಗೋಡೆ ಕಡೆ ಬೇಡ, ಹೊರಗಡೆಗೆ ಇರಲಿ. ಎರಡು ದಿನಕ್ಕೆ ಫಲ ಕಾಣ್ಲಿಲ್ಲ ಅಂತ ಬಿಡಬೇಡಿ, ಇದು ನಿಧಾನ.

ಒಂದು ಕಡೆ ಮಾತ್ರ ಉಳಿತಾಯ ಬೇಡ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಅಂತ ಪುಟಾಣಿ ಮಾತ್ರೆ ಬರತ್ತೆ, ಬಹಳ ಅಗ್ಗ, ಒಂದೇ ದಿನಕ್ಕೆ ಸೀನು ಮಾಯ. ಅದು ಸ್ಟೀರಾಯ್ಡ್, ಚೀಟಿ ಇಲ್ಲದೆ ವಾರಗಟ್ಟಲೆ ನುಂಗಿದ್ರೆ ಶುಗರ್, ಬಿಪಿ, ಮೂಳೆ ಸವೆತ ಎಲ್ಲಾ ಬರತ್ತೆ.

ಹೊಟ್ಟು, ಬೀಜದ ಧೂಳು ಅಲರ್ಜಿ ತರೋದು ಗೊತ್ತಿರೋ ವಿಷಯಾನೇ, ಅದಕ್ಕೆ ಕೆಲಸದಲ್ಲಿ ಒಳ್ಳೇ ಮಾಸ್ಕ್ ಹಾಕಿ, ಮನೆಗೆ ಬಂದ ಮೇಲೆ ಬಟ್ಟೆ ಬದಲಾಯಿಸಿ ಉಪ್ಪು ನೀರಲ್ಲಿ ಮೂಗು ತೊಳೀರಿ. ಒಂದು ದೊಡ್ಡ ಲೋಟ, ಅಂದ್ರೆ ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚ ಉಪ್ಪು. ನೀರು ಕುದಿಸಿ ಆರಿಸಿದ್ದೇ ಆಗಿರಬೇಕು, ನಲ್ಲಿ ನೀರು ಬಾವಿ ನೀರು ಹಂಗೇ ಹಾಕೋಬೇಡಿ, ಪಕ್ಕದ ಕೇರಳದಲ್ಲಿ ಮೆದುಳಿಗೆ ಹೋಗೋ ಅಮೀಬಾ ಸುದ್ದಿ ಓದಿರ್ತೀರಲ್ಲ. ಉಬ್ಬಸ, ಎದೆಯಲ್ಲಿ ಸುಂಯ್ ಶಬ್ದ ಶುರುವಾದ್ರೆ ಮಾತ್ರೆ ಲೆಕ್ಕ ಬಿಟ್ಟು ಡಾಕ್ಟರ್ ಹತ್ರ ಹೋಗಿ.

ಪ್ರಶ್ನೆ: ಚಿಕ್ಕಮಗಳೂರಲ್ಲಿ ಟ್ಯಾಕ್ಸಿ ಓಡಿಸ್ತೀನಿ ಸರ್, ಚಾರ್ಮಾಡಿ ಘಾಟಿ ಟ್ರಿಪ್ ಜಾಸ್ತಿ. ಸಿಟ್ರಿಜಿನ್ ನುಂಗಿದ್ರೆ ತೂಕಡಿಕೆ, ತೂಕಡಿಕೆ ಬರಲ್ಲ ಅಂತ ಲಿವೋಸಿಟ್ರಿಜಿನ್ ಕೊಟ್ರು, ಅದ್ರಲ್ಲೂ ಬಂತು. ಫೆಕ್ಸೋಫೆನಾಡಿನ್ ದುಬಾರಿ. ಏನ್ ಮಾಡ್ಲಿ?

ಉತ್ತರ: ಲಿವೋಸಿಟ್ರಿಜಿನ್ ಅಂದ್ರೆ ಸಿಟ್ರಿಜಿನ್‌ನಲ್ಲಿ ಕೆಲಸ ಮಾಡೋ ಅರ್ಧ ಭಾಗ ಅಷ್ಟೇ, ಅದಕ್ಕೇ 10ರ ಬದಲು 5 ಮಿಲಿಗ್ರಾಂ, ಒಂದು ತೂಕಡಿಸಿದ್ರೆ ಇನ್ನೊಂದೂ ತೂಕಡಿಸತ್ತೆ. ಲೊರಾಟಡಿನ್ 10 ಮಿಲಿಗ್ರಾಂ ಕೇಳಿ, ಅಗ್ಗ, ಮಂಪರು ಕಡಿಮೆ. ಮೊದಲ ಮಾತ್ರೆ ಮಾತ್ರ ರಜೆ ದಿನ ತಗೊಂಡು ನೋಡಿ, ಘಾಟಿಲಿ ಪರೀಕ್ಷೆ ಬೇಡ. ಅದಕ್ಕೆ ಬಗ್ಗದಿದ್ರೆ ಫೆಕ್ಸೋಫೆನಾಡಿನ್ನೇ ಸರಿ, ಆದ್ರೆ ಕಿತ್ತಳೆ ಜ್ಯೂಸು, ಆ್ಯಪಲ್ ಜ್ಯೂಸಲ್ಲಿ ನುಂಗಿದ್ರೆ ಮೈಗೆ ಸರಿಯಾಗಿ ಹತ್ತಲ್ಲ, ಕೊಟ್ಟ ದುಡ್ಡಲ್ಲಿ ಅರ್ಧ ಅಲ್ಲೇ ಹೋಯ್ತು, ನೀರಲ್ಲೇ ನುಂಗಿ.