ರಕ್ತ ಮತ್ತೆ ಹರಿಯತೊಡಗಿದ ಮೇಲೂ ನಾಯಿಗೆ ಅಪಾಯವೇಕೆ?

ನಮಸ್ಕಾರ. ಜಠರ ತಿರುಚಿಕೊಂಡು ಅದಕ್ಕೆ ರಕ್ತ ನಿಂತುಹೋಗಿದ್ದ ನಿಮ್ಮ ಗ್ರೇಟ್ ಡೇನ್ ನಾಯಿಗೆ ಪುಣೆಯಲ್ಲಿ ಶಸ್ತ್ರಚಿಕಿತ್ಸೆಯಾಗಿದೆ, ಆದರೂ ವೈದ್ಯರು ಮೂರು ದಿನ ಏನೂ ಹೇಳಲಾಗದು ಎನ್ನುತ್ತಿದ್ದಾರೆ. ರಕ್ತ ಹರಿಯತೊಡಗಿದ ಮೇಲೂ ಭಯವೇಕೆ, ಆಂಟಿಆಕ್ಸಿಡೆಂಟ್ ಮಾತ್ರೆ ಕೊಡಬಹುದೇ ಎಂದು ಕೇಳಿದ್ದೀರಿ. ನಾನು ಮುಂಬಯಿಯ ಪರೇಲಿನ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿ, ಚೆಂಬೂರಿನಲ್ಲಿ ವೃತ್ತಿ ನಡೆಸುತ್ತಿರುವವನು. ನಿಮ್ಮ ವೈದ್ಯರ ಮಾತು ಸರಿಯಾಗಿದೆ.

ಇಂಥ ನಾಯಿಯ ಹೊಟ್ಟೆ ತೆರೆದಾಗ ಜಠರದ ಮೈ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿರುತ್ತದೆ. ಗಾಳಿ ತೆಗೆದು, ತಿರುಚು ಬಿಡಿಸಿ, ಒದ್ದೆ ಬಟ್ಟೆ ಹೊದಿಸಿ ಸುಮಾರು ಹತ್ತು ನಿಮಿಷ ಕಾಯುತ್ತೇವೆ. ಕೆಂಪೇರಿದ ಭಾಗ ಉಳಿಯುತ್ತದೆ. ಕಪ್ಪಾಗಿಯೋ ಬೂದುಹಸಿರಾಗಿಯೋ ಉಳಿದದ್ದನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ. ಆ ಕೆಂಪು ಕಂಡಾಗ ನಮಗೆಲ್ಲ ಜೀವ ಬಂದಂತಾಗುತ್ತದೆ, ಆದರೆ ಜೀವಕೋಶಗಳಿಗೆ ಎರಡನೆಯ ಪೆಟ್ಟು ಬೀಳುವುದು ಅದೇ ನಿಮಿಷಗಳಲ್ಲಿ.

ಆಮ್ಲಜನಕ ಸಿಗದೆ ಒದ್ದಾಡುವ ಜೀವಕೋಶದಲ್ಲಿ ಶಕ್ತಿ ಒದಗಿಸುವ ಎಟಿಪಿ ಎಂಬ ದ್ರವ್ಯ ಒಡೆಯುತ್ತ ಹೋಗಿ ಹೈಪೋಕ್ಸಾಂಥೀನ್ ಎಂಬ ಅದರ ಉಳಿಕೆ ಕೂಡಿಕೊಳ್ಳುತ್ತದೆ, ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದಲ್ಲಿ ಸಕ್ಸಿನೇಟ್ ಎಂಬ ದ್ರವ್ಯ ತುಂಬಿಕೊಳ್ಳುತ್ತದೆ. ರಕ್ತದೊಡನೆ ಆಮ್ಲಜನಕ ನುಗ್ಗಿದಾಗ ಕ್ಸಾಂಥೀನ್ ಆಕ್ಸಿಡೇಸ್ ಎಂಬ ಕಿಣ್ವ ಆ ಹೈಪೋಕ್ಸಾಂಥೀನನ್ನು ಬಳಸಿ ಸೂಪರಾಕ್ಸೈಡ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಎಂಬ, ಜೀವಕೋಶಕ್ಕೆ ಹಾನಿ ಮಾಡುವ ಆಮ್ಲಜನಕದ ರೂಪಗಳನ್ನು ಹುಟ್ಟಿಸುತ್ತದೆ. ಕಬ್ಬಿಣದ ಅಂಶ ಜೊತೆಗೂಡಿದರೆ ಇನ್ನೂ ಉಗ್ರವಾದ ಹೈಡ್ರಾಕ್ಸಿಲ್ ರಾಡಿಕಲ್ ಉಂಟಾಗಿ ಜೀವಕೋಶದ ಪೊರೆಯ ಕೊಬ್ಬನ್ನೇ ಕೆಡಿಸುತ್ತದೆ. 1981ರಲ್ಲಿ ಸಂಶೋಧಕರಾದ ಗ್ರೇಂಜರ್, ರುಟಿಲಿ ಮತ್ತು ಮೆಕಾರ್ಡ್ ಬೆಕ್ಕಿನ ಕರುಳಿನಲ್ಲಿ ಈ ಸೂಪರಾಕ್ಸೈಡಿನ ಪಾತ್ರವನ್ನು ತೋರಿಸಿದರು. ಸಕ್ಸಿನೇಟ್ ಭರದಿಂದ ಉರಿಯುವಾಗ ಮೈಟೊಕಾಂಡ್ರಿಯದ ಎಲೆಕ್ಟ್ರಾನ್‌ಗಳು ಹಿಮ್ಮುಖವಾಗಿ ಹರಿದು ಸೂಪರಾಕ್ಸೈಡ್ ಉಕ್ಕುತ್ತದೆ ಎಂಬುದು ಸಂಶೋಧಕ ಮೈಕೆಲ್ ಮರ್ಫಿ ಮತ್ತು ಸಂಗಡಿಗರು ಇಲಿಗಳಲ್ಲಿ ನಡೆಸಿದ, 2014ರಲ್ಲಿ ಪ್ರಕಟವಾದ ಅಧ್ಯಯನದಿಂದ ಸ್ಪಷ್ಟವಾಯಿತು. ಈ ವಿಷಯದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಕೆಲಸ ಅದು.

ಮುಂದಿನ ಹಂತ ಉರಿಯೂತದ್ದು. ಗಾಯಗೊಂಡ ರಕ್ತನಾಳದ ಒಳಪದರಕ್ಕೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಅಂಟಿಕೊಂಡು, ಅಂಗಾಂಶದೊಳಗೆ ನುಸುಳಿ, ರೋಗಾಣುಗಳನ್ನು ಕೊಲ್ಲಲು ಇಟ್ಟುಕೊಂಡ ರಾಸಾಯನಿಕಗಳನ್ನು ರೋಗಾಣುವಿಲ್ಲದ ಕಡೆಯೂ ಸುರಿಯುತ್ತವೆ. ಇದು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನಡೆಯುತ್ತದೆ. ಅಲ್ಲಿಂದ ರಕ್ತಕ್ಕೆ ಸೇರಿದ ಉರಿಯೂತದ ದ್ರವ್ಯಗಳು ಹೃದಯವನ್ನೂ ತಲುಪುತ್ತವೆ. ಜಠರ ಊದಿದ್ದಾಗ ರಕ್ತ ಸಾಲದೆ ಬಳಲಿದ ಹೃದಯ ಲಯ ತಪ್ಪುವುದು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ನಂತರದ 12ರಿಂದ 72 ಗಂಟೆಗಳ ನಡುವೆ. ಡ್ರಿಪ್ ಮುಂದುವರಿಸಿ, ಇಸಿಜಿ ಹಾಕಿಟ್ಟು, ರಕ್ತದಲ್ಲಿ ಪೊಟ್ಯಾಸಿಯಂ ಮತ್ತು ಲ್ಯಾಕ್ಟೇಟ್ (ಆಮ್ಲಜನಕ ಸಾಲದಾಗ ಏರುವ ದ್ರವ್ಯ) ನೋಡುತ್ತಿರುವುದು ಇದಕ್ಕಾಗಿಯೇ.

ಸೂಪರಾಕ್ಸೈಡಿನಂಥವನ್ನು ತಣಿಸುವ ಆಂಟಿಆಕ್ಸಿಡೆಂಟ್ ಮಾತ್ರೆಯ ವಿಚಾರ: ನಾನು ಬೇಡವೆಂದೇ ಹೇಳುತ್ತೇನೆ. ಸೂಪರಾಕ್ಸೈಡ್ ಉಕ್ಕಿದ್ದು ರಕ್ತ ಮರಳಿದ ಮೊದಲ ನಿಮಿಷಗಳಲ್ಲಿ. ಮರುದಿನ ಬಾಯಿಯಿಂದ ಕೊಟ್ಟ ವಿಟಮಿನ್ ಆ ಹೊತ್ತನ್ನು ಹಿಡಿಯಲಾರದು, ಜಠರವೂ ಇನ್ನೂ ಹಸಿಗಾಯದಂತಿದೆ. ಪ್ರಾಣಿಗಳ ಪ್ರಯೋಗಗಳಲ್ಲಿಯೂ ಇಂಥ ಔಷಧಗಳ ಫಲ ಒಂದೇ ತೆರನಾಗಿ ಬಂದಿಲ್ಲ. ಮನೆಯಲ್ಲಿರುವ ಐಬುಪ್ರೊಫೇನನ್ನು ನೋವಿಗೆಂದು ಖಂಡಿತ ಕೊಡಬೇಡಿ. ನಾಯಿಯ ಜಠರಕ್ಕೂ ಮೂತ್ರಪಿಂಡಕ್ಕೂ ಅದು ಅಪಾಯಕಾರಿ.

ಮೂರು ದಿನ ತುಂಬುವ ಮೊದಲೇ ಮನೆಗೆ ಕರೆತರಲು ಆತುರಪಡಬೇಡಿ. ಬಂದ ಮೇಲೆ ಒಸಡು ಬಿಳಚಿಕೊಂಡರೆ, ಮಲ ಕಪ್ಪಾದರೆ, ತೊಡೆಯ ಒಳಭಾಗದಲ್ಲಿ ಬೆರಳಿಟ್ಟಾಗ ನಾಡಿ ತಪ್ಪಿ ತಪ್ಪಿ ಸಿಕ್ಕರೆ, ನಡುರಾತ್ರಿಯಾಗಿದ್ದರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.