ಬಿಪಿ 110ಕ್ಕೆ ಇಳಿದಿದೆ, ಆದರೂ ಅಪ್ಪನಿಗೆ ಬಿಪಿ ಮಾತ್ರೆ ಯಾಕೆ?

ಹರಿಹರದಲ್ಲಿರುವ ನಿಮ್ಮ ತಂದೆಗೆ 64 ವರ್ಷ, ಬಿಪಿ ಹಳೆಯದು. ಎಕೋದಲ್ಲಿ (ಹೃದಯದ ಸ್ಕ್ಯಾನ್) ಇಎಫ್, ಅಂದರೆ ಹೃದಯ ಎಷ್ಟು ರಕ್ತ ತಳ್ಳುತ್ತದೆ ಅನ್ನುವ ಅಳತೆ, 35 ಬಂದು, ಹಾರ್ಟ್ ಫೇಲ್ಯೂರ್ (ಹೃದಯ ಸೋತು ಸಾಕಷ್ಟು ರಕ್ತ ತಳ್ಳಲಾಗದ ಸ್ಥಿತಿ) ಅಂದಿದ್ದಾರೆ. ಈಗ ಬಿಪಿ 110/70 ಇರುವುದರಿಂದ ಮಾತ್ರೆ ಬಿಡಿಸಬಹುದಾ ಅಂತ ಕೇಳಿದ್ದೀರಿ. ನಿಮಗೂ 146/94 ಬರುತ್ತಿದೆ, ಮುಂದೆ ಹೀಗೇ ಆಗುತ್ತದಾ ಅನ್ನೋದು ಎರಡನೇ ಪ್ರಶ್ನೆ.

ಡಾಕ್ಟರನ್ನು ಕೇಳದೆ ಒಂದು ಮಾತ್ರೆಯನ್ನೂ ಬಿಡಿಸಬೇಡಿ. ನಾನು ಡಾಕ್ಟರ್ ಅಲ್ಲ, ದಾವಣಗೆರೆಯಲ್ಲಿ ಮೆಡಿಕಲ್ ಶಾಪ್ ಇಟ್ಟಿರುವ ಫಾರ್ಮಸಿಸ್ಟ್. ನಿಮ್ಮ ಮೊದಲನೇ ಪ್ರಶ್ನೆ ನನ್ನ ಕೌಂಟರ್‌ಗೆ ಬರುತ್ತಲೇ ಇರುತ್ತದೆ.

ಬಿಪಿ ವರ್ಷಗಟ್ಟಲೆ ಜಾಸ್ತಿ ಇದ್ದರೆ ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ಜೋರು ಹಾಕಿ ರಕ್ತ ತಳ್ಳಬೇಕು. ಗರಡಿಯಲ್ಲಿ ಸಾಮು ಮಾಡಿದ ತೋಳಿನ ಹಾಗೆ ಅದರ ಎಡಭಾಗದ ಗೋಡೆ ದಪ್ಪ ಆಗುತ್ತದೆ. ತೋಳಿಗೆ ಅದು ಚೆಂದ, ಹೃದಯಕ್ಕಲ್ಲ. ದಪ್ಪಗಾದ ಗೋಡೆ ಬಿಗಿದುಕೊಂಡು, ರಕ್ತ ತುಂಬಿಕೊಳ್ಳಲು ಸಡಿಲ ಆಗುವುದಿಲ್ಲ. ಕೆಲವರಿಗೆ ಇಎಫ್ ಸರಿಯಾಗಿದ್ದೂ ದಮ್ಮು ಬರುವುದು ಇದರಿಂದಲೇ. ಇನ್ನು ಕೆಲವರಲ್ಲಿ ಹೃದಯ ಹಿಗ್ಗಿ ಸೋಲುತ್ತದೆ. ನಡುವೆ ಒಂದು ಹಾರ್ಟ್ ಅಟ್ಯಾಕ್ ಆಗಿದ್ದರೆ ಇನ್ನೂ ಬೇಗ. ಇಎಫ್ 35 ಅಂದರೆ, ಎಡಗಡೆ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ನೂರಕ್ಕೆ 35 ಪಾಲು ಮಾತ್ರ ಒಂದು ಬಡಿತಕ್ಕೆ ಹೊರಗೆ ಹೋಗುತ್ತಿದೆ. ಸಾಮಾನ್ಯವಾಗಿ 55ರ ಆಸುಪಾಸು ಅಥವಾ ಮೇಲೆ ಇರುತ್ತದೆ.

ರಕ್ತ ಸಾಲುತ್ತಿಲ್ಲ ಅಂತ ಕಂಡಕೂಡಲೇ ದೇಹ ಹಾರ್ಮೋನು ಬಿಡುತ್ತದೆ. ಉಪ್ಪು, ನೀರು ಹಿಡಿದಿಟ್ಟುಕೊಳ್ಳುತ್ತದೆ, ರಕ್ತನಾಳ ಬಿಗಿ ಮಾಡುತ್ತದೆ, ಬಡಿತ ಏರಿಸುತ್ತದೆ. ನಾಲ್ಕು ದಿನ ಅದರಿಂದ ಅನುಕೂಲ. ಆಮೇಲೆ ಸೋತ ಹೃದಯದ ಮೇಲೆ ಅದೇ ಹೊರೆ. ರಾಮಿಪ್ರಿಲ್, ವಾಲ್ಸಾರ್ಟನ್, ಸ್ಪೈರೊನೊಲ್ಯಾಕ್ಟೋನ್, ಮೆಟೊಪ್ರೊಲಾಲ್, ಕಾರ್ವೆಡಿಲಾಲ್ ಇವೆಲ್ಲ ಆ ಹಾರ್ಮೋನುಗಳನ್ನು ತಡೆಯುವ ಔಷಧಿಗಳು. ಬಿಪಿ ಇಳಿಯುವುದು ಅವುಗಳ ಒಂದು ಕೆಲಸ. ನಿಮ್ಮ ತಂದೆಗೆ ಈಗ ಬೇಕಾಗಿರುವುದು ಇನ್ನೊಂದು ಕೆಲಸ: ಹೃದಯ ಇನ್ನಷ್ಟು ಹಿಗ್ಗದಂತೆ ಕಾಯುವುದು. ಅದಕ್ಕೇ 110 ಇದ್ದರೂ ಕೊಡುತ್ತಾರೆ. ಸಣ್ಣ ಡೋಸಿನಲ್ಲಿ ಶುರುಮಾಡಿ, ತಡೆದುಕೊಂಡಷ್ಟು ಏರಿಸುತ್ತಾ ಹೋಗುತ್ತಾರೆ. ನಡುನಡುವೆ ಪೊಟ್ಯಾಸಿಯಮ್, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ) ಟೆಸ್ಟ್ ಬರೆದಿರುತ್ತಾರಲ್ಲ, ಅದನ್ನು ತಪ್ಪಿಸಬೇಡಿ. ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಿದ್ದರೆ, ಮೇಲಿನ ಬಿಪಿ 90ರ ಹತ್ತಿರ ಬಂದರೆ, ವಾಂತಿ ಭೇದಿ ಶುರುವಾದರೆ ಅದೇ ದಿನ ಡಾಕ್ಟರ್‌ಗೆ ಹೇಳಿ. ಯಾವ ಮಾತ್ರೆ ಕಮ್ಮಿ ಮಾಡಬೇಕು ಅಂತ ಅವರು ನೋಡುತ್ತಾರೆ.

ಡಪಾಗ್ಲಿಫ್ಲೋಜಿನ್ ಬರೆದಿದ್ದರೆ ಗಾಬರಿ ಬೇಡ. ‘ನಮ್ಮಪ್ಪಗ ಶುಗರ್ ಇಲ್ಲ, ಶುಗರ್ ಗುಳಿಗಿ ಯಾಕ ಕೊಟ್ರಿ?’ ಅಂತ ಸ್ಟ್ರಿಪ್ ವಾಪಸ್ ತಂದವರಿದ್ದಾರೆ. ಶುಗರ್ ಇಲ್ಲದವರಿಗೂ ಹಾರ್ಟ್ ಫೇಲ್ಯೂರ್‌ನಲ್ಲಿ ಅದು ಉಪಯೋಗಕ್ಕೆ ಬರುತ್ತದೆ ಅಂತ 2019ರಲ್ಲೇ ದೊಡ್ಡ ಅಧ್ಯಯನದಲ್ಲಿ ಕಂಡುಬಂದಿದೆ.

ನನಗೆ ಸಿಟ್ಟು ಬರುವುದು ಬೇರೆ ಮಾತ್ರೆಗಳ ವಿಷಯಕ್ಕೆ. ‘ಮಂಡಿ ಹಿಡಕಂಡತಿ, ಎರಡು ಡೈಕ್ಲೊ ಕೊಡ್ರಿ’ ಅಂತ ಬರುತ್ತಾರೆ. ಚೀಟಿ ಕೇಳಿದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಉಪ್ಪು ನೀರು ಹಿಡಿದಿಡುತ್ತವೆ, ಬಿಪಿ ಏರಿಸುತ್ತವೆ, ಕಿಡ್ನಿಗೂ ಪೆಟ್ಟು. ಚೆನ್ನಾಗಿದ್ದವರಿಗೆ ಮತ್ತೆ ಕಾಲು ಬಾವು, ದಮ್ಮು ಬಂದು ಅಡ್ಮಿಟ್ ಆಗಲು ಇಷ್ಟು ಸಾಕು. ಗ್ಯಾಸ್ ಅಂತ ನೀರಿಗೆ ಹಾಕಿ ಬುಸ್ ಅನ್ನಿಸಿ ಕುಡಿಯುವ ಸೋಡಾ ಪುಡಿಯಲ್ಲೂ ಸೋಡಿಯಂ ತುಂಬಾ ಇರುತ್ತದೆ. ನೋವಿಗೆ ಏನು ಕೊಡಬಹುದು ಅಂತ ಡಾಕ್ಟರ್ ಹತ್ತಿರ ಮೊದಲೇ ಬರೆಸಿಟ್ಟುಕೊಳ್ಳಿ.

ಉಪ್ಪು ದಿನಕ್ಕೆ ಒಟ್ಟು 5 ಗ್ರಾಂ, ಅಂದರೆ ಒಂದು ಟೀ ಚಮಚದ ಒಳಗೆ ಇರಲಿ. ‘ನಾವು ಸಾರಿಗೆ ಉಪ್ಪೇ ಹಾಕಲ್ಲ’ ಅನ್ನುವ ಮನೆಯಲ್ಲೇ ಸಂಜೆ ಮಿರ್ಚಿ ಮಂಡಕ್ಕಿ ನಡೆದಿರುತ್ತದೆ. ಮಂಡಕ್ಕಿ ಮಾಡುವ ಅಕ್ಕಿಗೇ ಉಪ್ಪು ಹಾಕಿರುತ್ತಾರೆ, ಮಿರ್ಚಿ ಹಿಟ್ಟಿನಲ್ಲಿ ಉಪ್ಪಿನ ಜೊತೆ ಸೋಡಾ. ಮೇಲೆ ಹಪ್ಪಳ, ಉಪ್ಪಿನಕಾಯಿ. ದಾವಣಗೆರೆಯವನಾಗಿ ಇದನ್ನು ಬರೆಯಲು ಹೊಟ್ಟೆ ಉರಿಯುತ್ತದೆ, ಏನು ಮಾಡೋದು! ಕಮ್ಮಿ ಸೋಡಿಯಂ ಉಪ್ಪು ಅಂತ ಸಿಗುತ್ತದಲ್ಲ, ಅದನ್ನು ಸುಮ್ನೆ ತರಬೇಡಿ. ಅದರಲ್ಲಿ ಪೊಟ್ಯಾಸಿಯಮ್ ಇರುತ್ತದೆ. ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್ ತಗೊಳ್ಳುವವರಿಗೆ ರಕ್ತದಲ್ಲಿ ಅದು ಅಪಾಯದ ಮಟ್ಟಕ್ಕೆ ಏರಬಹುದು.

ಒಂದು ತೂಕದ ಮೆಷಿನ್ ತನ್ನಿ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮುಂಚೆ ನೋಡಿ, ಕ್ಯಾಲೆಂಡರ್ ಮೇಲೆ ಬರೆಯಿರಿ. ಮೂರು ದಿನದಲ್ಲಿ 2 ಕೆಜಿ ಏರಿದರೆ ಅದು ಕೊಬ್ಬಲ್ಲ, ನೀರು. ಡಾಕ್ಟರ್‌ಗೆ ಫೋನ್ ಮಾಡಿ. ಮಲಗಿದರೆ ಉಸಿರು ಕಟ್ಟುವುದು, ದಿಂಬಿನ ಮೇಲೆ ದಿಂಬು ಬೇಕಾಗುವುದು ಕೂಡ ಅದೇ ಸೂಚನೆ. ಕೂತಲ್ಲೇ ಏದುಸಿರು ಬಂದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಇನ್ನು ನಿಮ್ಮ 146/94. ಒಂದು ಸಲ ನೋಡಿದ್ದಕ್ಕೆ ತೀರ್ಮಾನ ಬೇಡ. ಕಾಫಿ, ಬೀಡಿ ಸಿಗರೇಟ್ ಆಗಿ ಅರ್ಧ ಗಂಟೆ ಕಳೆದಿರಲಿ. ಬೆನ್ನು ಒರಗಿಸಿ ಐದು ನಿಮಿಷ ಮಾತಾಡದೆ ಕೂತು, ತೋಳನ್ನು ಎದೆಯ ಮಟ್ಟಕ್ಕೆ ಟೇಬಲ್ ಮೇಲಿಟ್ಟು ಎರಡು ಸಲ ನೋಡಿ. ಹೀಗೆ ಒಂದು ವಾರ, ಬೆಳಿಗ್ಗೆ ಸಂಜೆ. ಮನೆಯ ಸರಾಸರಿ 135/85 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅದು ಬಿಪಿಯೇ. ‘ನನಗೇನೂ ಆಗ್ತಿಲ್ಲ’ ಅನ್ನುವುದು ಲೆಕ್ಕಕ್ಕಿಲ್ಲ, ನಿಮ್ಮ ತಂದೆಗೂ ಬಹುಶಃ ವರ್ಷಗಟ್ಟಲೆ ಏನೂ ಆಗಿರಲಿಲ್ಲ. ಆದರೆ ತಂದೆಗೆ ಆದದ್ದು ನಿಮಗೆ ಆಗಲೇಬೇಕು ಅಂತ ಇಲ್ಲ. ಬಿಪಿ ಹತೋಟಿಯಲ್ಲಿಟ್ಟರೆ ತಪ್ಪುವ ತೊಂದರೆಗಳಲ್ಲಿ ಹಾರ್ಟ್ ಫೇಲ್ಯೂರ್ ಮುಂದಿನ ಸಾಲಿನಲ್ಲಿದೆ. 2008ರಲ್ಲಿ ಪ್ರಕಟವಾದ ಹೈವೆಟ್ ಅನ್ನುವ ಅಧ್ಯಯನದಲ್ಲಿ 80 ದಾಟಿದವರಿಗೆ ಬಿಪಿ ಮಾತ್ರೆ ಕೊಟ್ಟಾಗ ಹಾರ್ಟ್ ಫೇಲ್ಯೂರ್ ಶೇ. 64ರಷ್ಟು ಕಮ್ಮಿಯಾಗಿತ್ತು. ಆ ವಯಸ್ಸಿನಲ್ಲೇ ಅಷ್ಟು ಅನುಕೂಲ ಆಗಿದ್ದರೆ, ನೀವು ಈಗಲೇ ಶುರುಮಾಡಬಹುದು ಅಲ್ವಾ?

ವಾರದ ಲೆಕ್ಕ ಬರೆದುಕೊಂಡು ಹತ್ತಿರದ ಸರ್ಕಾರಿ ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್‌ಗೆ (ಬಿಪಿ, ಶುಗರ್‌ನಂಥ ಅಂಟದ ಕಾಯಿಲೆ ನೋಡುವ ವಿಭಾಗ) ಹೋಗಿ. ಬಿಪಿ, ಶುಗರ್ ಅಲ್ಲೇ ನೋಡುತ್ತಾರೆ, ಮಾತ್ರೆಗೆ ದುಡ್ಡು ತಗೊಳ್ಳುವುದಿಲ್ಲ. ಇಸಿಜಿ, ಕ್ರಿಯಾಟಿನಿನ್ ಕೂಡ ಮಾಡಿಸಬೇಕಾ ಅಂತ ಕೇಳಿ.